ಹದಿನೈದು ದಿನ ತಡವಾದ ಎಳ್ಳ ಅಮಾವಾಸ್ಯೆ

ಮರಾಠಿ ಗಡಿಭಾಗದ ದಾಳಿಂಬ ಗ್ರಾಮದ ಮಾಣಿಕಪ್ಪನ ಹೊಲದಲ್ಲಿ ಆ ವರ್ಷದ ಎಳ್ಳ ಅಮಾವಾಸ್ಯೆಯು ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿಯೊಂದಿಗೆ ಹದಿನೈದು ದಿನ ತಡವಾಗಿ, ಅಂದರೆ ಬನದ ಹುಣ್ಣಿಮೆಯ ದಿನ, ಮುಂಜಾನೆ ಹತ್ತು ಗಂಟೆ ಹದಿನೈದು ನಿಮಿಷಕ್ಕೆ ನೆರವೇರಿತು. ಅಮಾವಾಸ್ಯೆಯು ಹುಣ್ಣಿಮೆಯ ದಿನ ಬಂದದ್ದರಿಂದ ಊರಿನಲ್ಲಿ ಶಾಂತಿಭಂಗವಾಗಲಿ ಬೆಳೆಹಾನಿಯಾಗಲಿ ಆಗಿಲ್ಲ. ಚಂದ್ರನ ಕಡೆಯಿಂದಲೂ ನಿಗದಿತ ಏಳು ದಿನಗಳ ಒಳಗೆ ಯಾವ ಆಕ್ಷೇಪಣೆಯೂ ಬಂದಿಲ್ಲವೆಂದು ಕಡತದಲ್ಲಿ ನಮೂದಾಗಿದೆ.

ಈ ಸಾಧನೆಯ ಹಿಂದೆ ಇದ್ದವಳು ಮಾಣಿಕಪ್ಪನ ಮಗಳು ಯೋಗಿತಾ. ವಯಸ್ಸು ಇಪ್ಪತ್ತಾರು. ಉಮರ್ಗಾದ ಒಂದು ಕಚೇರಿಯಲ್ಲಿ ಐದು ವರ್ಷದಿಂದ ಗುತ್ತಿಗೆಯ ಮೇಲೆ ಕೆಲಸ. ಆ ಕಚೇರಿ ಹನ್ನೊಂದು ತಿಂಗಳಿಗೊಮ್ಮೆ ಅವಳನ್ನು ಕೆಲಸದಿಂದ ತೆಗೆದುಹಾಕಿ, ಒಂದು ದಿನ ಬಿಟ್ಟು ಮತ್ತೆ ಸೇರಿಸಿಕೊಳ್ಳುತ್ತಿತ್ತು. ನಡುವಿನ ಆ ಒಂದು ದಿನ ಅವಳು ನಿಯಮದ ಪ್ರಕಾರ ನಿರುದ್ಯೋಗಿಯಾಗಿ, ಅದೇ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಕಾಯಂ ನೌಕರರ ಹೆಸರು ಪೆನ್ನಿನಲ್ಲಿ ಇರುತ್ತಿತ್ತು, ಅವಳದು ಪೆನ್ಸಿಲಿನಲ್ಲಿ. ಅಳಿಸಲು ಸುಲಭವಾಗಲಿ ಎಂದು. ಐದು ವರ್ಷ ದಿನಾಲೂ ಆ ಪೆನ್ಸಿಲಿನ ಹೆಸರಿನ ಮುಂದೆ ಸಹಿ ಮಾಡಿ ಮಾಡಿ ಯೋಗಿತಾಳಿಗೆ ಒಂದೇ ಆಸೆ ಉಳಿದಿತ್ತು: ಭೂಮಿಯ ಮೇಲೆ ಎಲ್ಲಾದರೂ ಒಂದು ಕಡೆ ತನ್ನ ಹೆಸರನ್ನು ಯಾರಾದರೂ ಪೆನ್ನಿನಲ್ಲಿ ಬರೆಯಬೇಕು. ಉದಗೀರದಲ್ಲಿ ಅಂಥ ಒಂದು ಕಾಯಂ ಹುದ್ದೆ ಖಾಲಿ ಇತ್ತು. ಅದಕ್ಕೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನಲ್ಲಿ ಸ್ನಾತಕೋತ್ತರ ಪದವಿ ಬೇಕಿತ್ತು. ಪದವಿ ತೋರಿಸಲು ಕೊನೆಯ ದಿನ ಮಾರ್ಚ್ ಮೂವತ್ತೊಂದು.

ಹೀಗಾಗಿ ಅವಳು ನಿಲಂಗಾದ ಸೀಮಾಭಾಗ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಮಹಾಸಂಸ್ಥೆಗೆ ಹೆಸರು ಹಚ್ಚಿದಳು. ಈ ಮಹಾಸಂಸ್ಥೆಗೆ ಔರಾದ ಶಹಾಜನಿ ರಸ್ತೆಯಲ್ಲಿ ಸ್ವಂತ ಕಟ್ಟಡವಿದೆ. ಹನ್ನೊಂದು ವರ್ಷದಿಂದ ಕಟ್ಟಲಾಗುತ್ತಿದೆ. ಸದ್ಯ ಕಂಬಗಳು ತಲೆಯ ಮೇಲೆ ಕಬ್ಬಿಣದ ಸರಳು ಹೊತ್ತು ನಿಂತಿವೆ, ಕೆಳಗೆ ಆಡುಗಳು ಕೂತಿರುತ್ತವೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು, "ಇದು ನಮ್ಮ ಪ್ರಯೋಗಶಾಲೆ" ಎಂದು ತೋರಿಸುವ ಪದ್ಧತಿ ಇದೆ. ಕಟ್ಟಡ ಮುಗಿದರೆ ಪ್ರಯೋಗಶಾಲೆ ಹೋಗುತ್ತದೆಂಬ ಕಾರಣಕ್ಕೆ ಅದನ್ನು ಮುಗಿಸುವ ವಿಚಾರವನ್ನು ಆಡಳಿತ ಮಂಡಳಿ ಗಂಭೀರವಾಗಿ ಕೈಬಿಟ್ಟಿದೆ.

ತರಗತಿಗಳು ನಡೆಯುವುದು ರವಿವಾರಗಳಂದು, ಒಂದು ಮಂಗಲ ಕಾರ್ಯಾಲಯದಲ್ಲಿ. ಮದುವೆ ಇದ್ದ ದಿನ ಪಾಠ ರದ್ದಾಗುವುದಿಲ್ಲ. ಅದನ್ನು 'ಪ್ರಾಯೋಗಿಕ' ಎಂದು ದಾಖಲಿಸಲಾಗುತ್ತದೆ. ವಿದ್ಯಾರ್ಥಿಗಳು ಬೀಗರ ಪಂಕ್ತಿಯಲ್ಲಿ ಕೂತು, ಹೋಳಿಗೆ ಯಾವ ಹಂತದಲ್ಲಿ ಬಂತು, ತುಪ್ಪ ಎಲ್ಲಿ ಕಡಿಮೆಯಾಯಿತು ಎಂದು ಟಿಪ್ಪಣಿ ಮಾಡಿಕೊಳ್ಳಬೇಕು. ಮೊದಲನೇ ವರ್ಷದಲ್ಲಿ ಯೋಗಿತಾ ನಲವತ್ತೊಂದು ಮದುವೆ ಉಂಡಳು. ಒಂಬತ್ತು ಮದುವೆಯ ಫೋಟೋಗಳಲ್ಲಿ ಅವಳು ವಧುವಿನ ಪಕ್ಕ ನಿಂತಿದ್ದಾಳೆ. ಒಂದರಲ್ಲಿ ಅಳುತ್ತಲೂ ಇದ್ದಾಳೆ.

ಎರಡನೇ ವರ್ಷ ಪ್ರತಿಯೊಬ್ಬರೂ ಒಂದು ನಿಜವಾದ ಪ್ರಾಜೆಕ್ಟನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿ ವರದಿ ಕೊಡಬೇಕಿತ್ತು. ಮುರುಮ ಊರಿನ ಒಬ್ಬ ಸಹಪಾಠಿ ಗಟಾರದ ಕೆಲಸ ಹಿಡಿದ; ಬೀದಿ ಅಗೆದವನು ಇನ್ನೂ ಮುಚ್ಚಿಲ್ಲ, ಅವನಿಗೆ ಸುವರ್ಣಪದಕ ಖಚಿತ ಎಂದು ಎಲ್ಲರೂ ಮಾತಾಡುತ್ತಿದ್ದರು. ಯೋಗಿತಾಳಿಗೆ ಕಚೇರಿಯಿಂದ ರಜೆ ಸಿಗುತ್ತಿದ್ದದ್ದು ಎಳ್ಳ ಅಮಾವಾಸ್ಯೆಗೆ ಮಾತ್ರ. ಆ ಭಾಗದಲ್ಲಿ ಆ ದಿನ ಊರು ಖಾಲಿ, ಹೊಲ ಭರ್ತಿ. ಜೋಳದ ಕಣಿಕೆಯ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂಡ್ರಿಸಿ, ಸಕಲ ಕಾಳು ಸಕಲ ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಮಣ್ಣಿನ ಗಡಿಗೆಯ ಅಂಬಲಿ ಎಲ್ಲ ಹೊತ್ತುಕೊಂಡು ಹೋಗಿ, ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ, ದಾರಿಯಲ್ಲಿ ಹೋಗುವವರನ್ನೆಲ್ಲ ತೋಳು ಹಿಡಿದು ಎಳೆದು ತಂದು ಉಣ್ಣಿಸುವ ಹಬ್ಬ. ಅವಳು ಅದನ್ನೇ ಪ್ರಾಜೆಕ್ಟು ಎಂದು ಬರೆದುಕೊಟ್ಟಳು. ಮಹಾಸಂಸ್ಥೆಯ ನಿರ್ದೇಶಕರಾದ ಡಾ. ಸೂರ್ಯಕಾಂತ ಸರ್ ನಲವತ್ತೆರಡು ಪುಟದ ಪ್ರಸ್ತಾವವನ್ನು ಕೈಯಲ್ಲಿ ತೂಗಿ ನೋಡಿ, ಮಂಜೂರು ಮಾಡಿದರು.

ಪ್ರಸ್ತಾವದಲ್ಲಿ ಕಾರ್ಯನಿರ್ವಾಹಕಿ ಎಂದು ಇದ್ದದ್ದು ಯೋಗಿತಾಳ ಅವ್ವ ಚಂಪಾಬಾಯಿ. ಈಕೆ ಸೊಸೆಯಾಗಿ ಬಂದ ವರ್ಷದಿಂದ ಸತತ ಮೂವತ್ತನಾಲ್ಕು ಎಳ್ಳ ಅಮಾವಾಸ್ಯೆ ನಡೆಸಿದವಳು. ಮೂವತ್ತನಾಲ್ಕರಲ್ಲೂ ಒಂಬತ್ತಕ್ಕೆ ಅಡುಗೆಯ ಗಂಟು ತಲೆಯ ಮೇಲೆ, ಹತ್ತಕ್ಕೆ ಚರಗ, ಹನ್ನೊಂದಕ್ಕೆ ಪಂಕ್ತಿ. ಊರಲ್ಲಿ ಕೆಲವರು ಚಂಪಾಬಾಯಿ ಮನೆ ದಾಟುವುದನ್ನು ನೋಡಿ ಗಡಿಯಾರದ ಮುಳ್ಳು ಸರಿಪಡಿಸುತ್ತಿದ್ದರು.

ಯೋಗಿತಾ ಅಡುಗೆಮನೆಯ ಗೋಡೆಗೆ ಒಂದು ಉದ್ದನೆಯ ಕಾಗದ ಅಂಟಿಸಿದಳು. ನೂರಾ ಮೂವತ್ತೇಳು ಕೆಲಸ, ಐದು ಬಣ್ಣ.

"ಇದೇನವ್ವಾ?" ಚಂಪಾಬಾಯಿ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಚಾರ್ಟ್ ಅವ್ವಾ. ಯಾವ ಕೆಲಸದ ಹಿಂದ ಯಾವ ಕೆಲಸ ಮಾಡಬೇಕಂತ ಇದರಾಗ ಅದ."

"ಉಪ್ಪ ಎಲ್ಲಿ ಬರ್ತದ?"

"ಎಂಬತ್ತಾರನೇ ನಂಬರಿಗಿ."

"ಎಂಬತ್ತಾರರ ತನಕಾ ಕುಂತ್ರ ಭಜ್ಜಿ ಸಪ್ಪಗ ಆಗ್ತದ. ನಾ ಮೊದಲೇ ಹಾಕ್ತೀನಿ, ನೀ ಹಿಂದಿಂದ ಬರಕೊ."

ಅಪಾಯಗಳ ಪಟ್ಟಿಯಲ್ಲಿ ಯೋಗಿತಾ 'ಆಡು ಗುಡಿಸಲಿಗೆ ಬಾಯಿ ಹಾಕುವ ಸಂಭವ' ಎಂದು ಬರೆದಳು. ಹಿತಾಸಕ್ತರ ಪಟ್ಟಿಯಲ್ಲಿ ಚಿಕ್ಕಪ್ಪಂದಿರ ಮೂರು ಕುಟುಂಬ, ಮನೆತನದ ಗುರುಗಳಾದ ಕಾಶಿನಾಥಯ್ಯನವರು, ದಾರಿಹೋಕರು, ಎತ್ತುಗಳು ಎಂದು ಸೇರಿಸಿದಳು. ಐದು ಪಾಂಡವರನ್ನು ಎಲ್ಲಿ ಸೇರಿಸಬೇಕೆಂದು ತಿಳಿಯದೆ ಮಹಾಸಂಸ್ಥೆಗೆ ಬರೆದು ಕೇಳಿದಳು. ಒಂಬತ್ತು ದಿನಗಳ ಬಳಿಕ ಲಿಖಿತ ಉತ್ತರ ಬಂತು: 'ಸದರಿ ಪಾಂಡವರನ್ನು ಹಿತಾಸಕ್ತರೆಂದು ಪರಿಗಣಿಸಬಹುದು. ಆದರೆ ಸಭೆಗೆ ಹಾಜರಾಗದಿದ್ದಲ್ಲಿ ಅವರಿಗೆ ಪ್ರವಾಸಭತ್ಯೆ ಇರುವುದಿಲ್ಲ.'

ಅಮಾವಾಸ್ಯೆಯ ದಿನ ಮೂವತ್ತೈದನೇ ಸಲ ಚಂಪಾಬಾಯಿ ಒಂಬತ್ತಕ್ಕೆ ಗಂಟು ಹೊತ್ತಳು. ಮಾಣಿಕಪ್ಪ ತೊಗರಿ ಸಾಲಿನಲ್ಲಿ ಚರಗ ಚೆಲ್ಲುತ್ತ ವಾಡಿಕೆಯಂತೆ "ಹುಲ್ಲುಲ್ಲಿಗೋ" ಎಂದು ಕೂಗಿದ ಕೂಗಿಗೆ ಪಕ್ಕದ ಹೊಲದ ಹಕ್ಕಿಗಳೆಲ್ಲ ಎದ್ದವು. ಹನ್ನೊಂದಕ್ಕೆ ಸರಿಯಾಗಿ ಡಾ. ಸೂರ್ಯಕಾಂತ ಸರ್ ಶೇರ್ ಆಟೋದಲ್ಲಿ ತಪಾಸಣೆಗೆ ಬಂದಿಳಿದರು. ಮೊದಲನೇ ಪಂಕ್ತಿಯಲ್ಲಿ ಕೂತು ಪ್ರಾಥಮಿಕ ಪರಿಶೀಲನೆ ನಡೆಸಿದರು. ಎರಡನೇ ಪಂಕ್ತಿಯಲ್ಲಿ ಮೊದಲನೆಯದನ್ನು ದೃಢಪಡಿಸಿಕೊಂಡರು. ಮೂರನೆಯದರಲ್ಲಿ ಅಂಬಲಿ ಕುಡಿದು ಕಣ್ಣು ಮುಚ್ಚಿದರು.

"ಚಂಪಾಬಾಯಿ, ಭಜ್ಜಿ ಅಂದ್ರ ಇದು," ಅಂದರು. "ಎಷ್ಟು ದಿನಾ ತಡಾ ಆಯ್ತು ಯೋಗಿತಾ?"

"ತಡಾ ಆಗಿಲ್ರಿ ಸರ್. ಚಾರ್ಟಿನಾಗ ಹಾಕಿದ್ದಕಿಂತಾ ಹನ್ನೊಂದ ಮಿನಿಟ ಮೊದಲೇ ಮುಗದದ."

ಸೂರ್ಯಕಾಂತ ಸರ್ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದರು. ಹತ್ತಿರದವರು ತೀರಿಕೊಂಡ ಸುದ್ದಿ ಕೇಳಿದವರ ಮುಖ ಅವರದು.

"ಒಂದ ದಿನಾನೂ ತಡಾ ಇಲ್ಲ?"

"ಇಲ್ರಿ."

"ಹಾಂಗಾದ್ರ ಇದು ಪ್ರಾಜೆಕ್ಟ್ ಅಲ್ಲ ತಂಗಿ."

"ಮತ್ತ ಏನ್ರಿ ಸರ್?"

"ಊಟ," ಅಂದರು ಸರ್. ಅಂದು, ಇಳಿಸಿದ ತುತ್ತನ್ನು ಎತ್ತಿಕೊಂಡರು.

ಎರಡನೇ ದಿನ ಪತ್ರ ಬಂತು. ಮಹಾಸಂಸ್ಥೆಯ ನಿಯಮ ಹದಿನಾಲ್ಕು (ಬ) ಪ್ರಕಾರ 'ವೇಳೆಗೆ ಸರಿಯಾಗಿ ಮುಗಿದ ಯಾವುದೇ ಕಾರ್ಯವನ್ನು ಪ್ರಾಜೆಕ್ಟ್ ಎಂದು ಭಾವಿಸತಕ್ಕದ್ದಲ್ಲ.' ನೂರರಲ್ಲಿ ಅರವತ್ತು ಅಂಕ ವಿಳಂಬ ನಿರ್ವಹಣೆಗೆ ಮೀಸಲು. ವಿಳಂಬವೇ ಇಲ್ಲದಲ್ಲಿ ಅದರ ನಿರ್ವಹಣೆಯನ್ನು ಪರೀಕ್ಷಿಸುವುದು ಹೇಗೆ? ವಿದ್ಯಾರ್ಥಿನಿಯು ಅಜಾಗರೂಕತೆಯಿಂದ ವೇಳೆಗೆ ಮುಗಿಸಿದ್ದಾಳೆ. ಆದ್ದರಿಂದ ಸೊನ್ನೆ.

ಯೋಗಿತಾ ಪತ್ರ ಹಿಡಿದುಕೊಂಡು ನಿಲಂಗಾಕ್ಕೆ ಓಡಿದಳು. ಮಂಗಲ ಕಾರ್ಯಾಲಯದಲ್ಲಿ ಅಂದು ಯಾರದೋ ಅರಿಶಿಣದ ಕಾರ್ಯ. ಮಹಾಸಂಸ್ಥೆಯ ಗುಮಾಸ್ತ ಶೈಲೇಶ ವಾದ್ಯದವರ ಪಕ್ಕದಲ್ಲೇ ಮೇಜು ಹಾಕಿಕೊಂಡು ಕೂತಿದ್ದ. ಅವಳ ಕಣ್ಣು ತುಂಬಿದ್ದನ್ನು ನೋಡಿ ಕುರ್ಚಿ ಸರಿಸಿದ.

"ಅಳಬ್ಯಾಡ್ರಿ ಮೇಡಂ. ಮುದತವಾಢ ತಗೋರಿ," ಅಂದ. ಆ ಭಾಗದ ಕಚೇರಿಗಳಲ್ಲಿ ಗಡುವು ಮುಂದೂಡುವುದಕ್ಕೆ ಹಾಗೆನ್ನುತ್ತಾರೆ. ದೇವರ ಹೆಸರಿಗಿಂತ ಹೆಚ್ಚು ಸಲ ಉಚ್ಚರಿಸುವ ಶಬ್ದ ಅದು.

"ಕೆಲಸಾ ಮುಗದ ಹೋಗ್ಯದಲ್ರಿ. ಮುಗದ ಕೆಲಸಕ್ಕ ಹ್ಯಾಂಗ ಮುದತವಾಢ?"

"ಮುಗದ ಕೆಲಸಕ್ಕ ಕೊಡೂದೇ ಛಲೋ. ನಮಗೂ ಕಾಳಜಿ ಇರಂಗಿಲ್ಲ. ಮೊನ್ನಿದು ಬರೇ ತಾಲೀಮು ಅಂತ ಬರೀರಿ. ಖರೇ ಅಮಾಸಿ ಹದಿನೈದ ದಿನಾ ಬಿಟ್ಟ ಮಾಡ್ರಿ. ಹದಿನೈದಕಿಂತ ಕಮಿ ತಡಾ ಆದ್ರ ಫಾರ್ಮಿನಾಗ ಕಾಲಂ ಇಲ್ಲ."

ಫಾರ್ಮಿನಲ್ಲಿ ವಿಳಂಬಕ್ಕೆ ಅಂಗೀಕೃತ ಕಾರಣಗಳು ಅಚ್ಚಾಗಿದ್ದವು: ಭೂಸ್ವಾಧೀನ, ಅತಿವೃಷ್ಟಿ, ಚುನಾವಣಾ ನೀತಿಸಂಹಿತೆ, ಗುತ್ತಿಗೆದಾರ ನಾಪತ್ತೆ. ಅತಿವೃಷ್ಟಿಗೆ ಮಳೆ ಬೇಕು. ಚುನಾವಣೆಯನ್ನು ಒಬ್ಬಳೇ ಕರೆಯಲಾಗದು. ಚಂಪಾಬಾಯಿ ನಾಪತ್ತೆಯಾಗಲು ಒಪ್ಪುವವಳಲ್ಲ. ಉಳಿದದ್ದು ಭೂಸ್ವಾಧೀನ. ಹೊಲ ಅಪ್ಪನದೇ ಆದ್ದರಿಂದ ಇದು ಒಂದು ಸಹಿಯ ಕೆಲಸ ಎಂದು ಯೋಗಿತಾ ಎಣಿಸಿದಳು. ಅಲ್ಲಿ ಅವಳು ತಪ್ಪಿದಳು.

ಹಬ್ಬಕ್ಕೆ ಹೊಲ ಕೇಳುವ ಮಾಣಿಕಪ್ಪನಿಂದ ಹೊಲದ ಮಾಲೀಕ ಮಾಣಿಕಪ್ಪನಿಗೆ ನೋಟೀಸು ಹೋಯಿತು. ಮಾಣಿಕಪ್ಪ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದ, ಮಡಚಿ ಕಿಸೆಗೆ ಹಾಕಿದ, ಹಾಗೇ ಗಂಭೀರನಾದ.

"ಅಪ್ಪಾ, ಒಪ್ಪಿಗಿ ಅದ ಅಂತ ಸೈ ಮಾಡ್ರಿ ಸಾಕು."

"ಹ್ಯಾಂಗ ಮಾಡಲಿ? ಹೊಲಾ ನಮ್ಮ ಹಿರ್ಯಾರದ್ದು. ಕೇಳಲಾಕ ಬಂದಾಂವ ಎಂಥಾಂವ ಅಂತ ನನಗ ಗೊತ್ತದ. ಒಂದ ದಿನಾ ಅಂತಾನ, ಆಮ್ಯಾಲ ಅಲ್ಲೇ ಕುಂದರ್ತಾನ."

ಬೇವಿನ ಗಿಡದ ಕೆಳಗೆ ವಿಚಾರಣೆ ನಡೆಯಿತು. ಮಾಲೀಕನಾಗಿ ಮಾತಾಡುವಾಗ ಮಾಣಿಕಪ್ಪ ಹೊರಸಿನ ಮೇಲೆ ಕೂತಿರುತ್ತಿದ್ದ. ಅರ್ಜಿದಾರನಾಗಿ ಮಾತಾಡುವಾಗ ಎದ್ದು, ಟೋಪಿ ತೆಗೆದು, ಬಿಸಿಲಿನಲ್ಲಿ ನಿಲ್ಲುತ್ತಿದ್ದ. ನೆರೆಯ ಕಲ್ಯಾಣಪ್ಪ ಎರಡೂ ಕಡೆಗೆ ಸಾಕ್ಷಿ ಹೇಳಿದ. ಮೂರನೇ ದಿನ ಮಾಲೀಕ ಅರ್ಜಿದಾರನ ಬಗ್ಗೆ ಒಂದು ಮಾತು ಹೆಚ್ಚು ಅಂದದ್ದರಿಂದ ಅರ್ಜಿದಾರ ಆ ರಾತ್ರಿ ಮನೆಯಲ್ಲಿ ಉಣ್ಣಲಿಲ್ಲ. ಆರನೇ ದಿನ ಹಿರಿಯರು ನಡುವೆ ಬಿದ್ದು, ಬಾಂದಿನ ಕಲ್ಲು ಕದಲಿಸಬಾರದೆಂಬ ಷರತ್ತಿನ ಮೇಲೆ ಇಬ್ಬರನ್ನೂ ರಾಜಿ ಮಾಡಿಸಿದರು. ಮಾಣಿಕಪ್ಪ ತನ್ನ ಬಲಗೈಯಿಂದ ಎಡಗೈ ಕುಲುಕಿದ. ಅಷ್ಟು ಉಲ್ಲಾಸದ ವಾರವನ್ನು ತಾನು ಈಚೆಗೆ ಕಂಡಿಲ್ಲ ಎಂದು ಆಮೇಲೆ ಬಹಳ ಜನರ ಮುಂದೆ ಹೇಳಿಕೊಂಡ.

ಇನ್ನು ತಿಥಿಯ ಪ್ರಮಾಣಪತ್ರ ಬೇಕಿತ್ತು. ಹುಣ್ಣಿಮೆಯ ದಿನ ಅಮಾವಾಸ್ಯೆ ಇದೆ ಎಂದು ಅಧಿಕಾರ ಇದ್ದವರು ಬರೆದುಕೊಡಬೇಕು. ಕಾಶಿನಾಥಯ್ಯನವರು ನಾಲ್ಕು ತಲೆಮಾರಿನಿಂದ ಆ ಮನೆತನಕ್ಕೆ ಪಂಚಾಂಗ ಹೇಳುತ್ತ ಬಂದ ಮಠದವರು. ಅರ್ಜಿಯನ್ನು ಓದಿ ಎರಡೂ ಕಿವಿ ಮುಟ್ಟಿಕೊಂಡರು.

"ಅಮಾಸಿ ಅಂದ್ರ ಚಂದ್ರಾಮ ಕಾಣಬಾರ್ದು ಯವ್ವಾ. ಹುಣ್ಣಿವಿ ದಿನಾ ಅಂವಾ ತಾಟಿನಷ್ಟ ಕಾಣ್ತಾನ. ನಾ ಏನಂತ ಬರೀಲಿ?"

"ಅಜ್ಜಾರ, ಅಧಿಕ ಮಾಸ ಯಾಕ ಬರ್ತದ್ರಿ?"

"ಲೆಕ್ಕಾ ಕೂಡಲಿ ಅಂತ. ಮೂರ ವರ್ಷಕ್ಕೊಮ್ಮಿ ಒಂದ ತಿಂಗಳಾ ಹೆಚ್ಚಿಗಿ ಕೊಡ್ತಾರ."

"ಅದು ಮುದತವಾಢ ಅಲ್ಲೇನ್ರಿ?"

ಕಾಶಿನಾಥಯ್ಯನವರು ಪಂಚಾಂಗ ಮುಚ್ಚಿದರು. ಮತ್ತೆ ತೆಗೆದರು. ಇಷ್ಟು ವರ್ಷ ತಾವು ಇಟ್ಟುಕೊಂಡಿದ್ದು ಮಂಜೂರಾದ ಮುದತವಾಢಗಳ ರಿಜಿಸ್ಟರ್ ಎಂಬುದು ಅವರಿಗೆ ಆಗಲೇ ಹೊಳೆದದ್ದು. "ಖರೇನ ಅದ," ಅಂದರು. "ಸೂರ್ಯಾ ಚಂದ್ರಾಮರಿಗೇ ವ್ಯಾಳ್ಯಾಕ್ಕ ಮುಗಸಲಾಕ ಆಗಿಲ್ಲ. ಚಂಪಾಬಾಯಿದು ಏನ ತಪ್ಪು?" ಆದರೂ ಅವರು ಸುಳ್ಳು ಬರೆಯುವವರಲ್ಲ. ಬಹಳ ಯೋಚಿಸಿ ಈ ಪ್ರಕಾರ ಬರೆದುಕೊಟ್ಟರು: 'ಸದರಿ ದಿನ ಮುಂಜಾನೆ ಹತ್ತು ಗಂಟೆ ಹದಿನೈದು ನಿಮಿಷಕ್ಕೆ ನಾನು ಖುದ್ದಾಗಿ ಆಕಾಶವನ್ನು ಪರಿಶೀಲಿಸಲಿದ್ದು, ಚಂದ್ರನು ಎಲ್ಲಿಯೂ ಕಂಡುಬರತಕ್ಕದ್ದಲ್ಲ.'

ಅನುಮತಿ ಬಂತು. ಅದರ ಜೊತೆಗೆ ತಪಾಸಣೆಯೂ ಬಂತು. ಹದಿನೈದು ದಿನ ಕೆಲಸ ನಿಜವಾಗಿ ನಿಂತಿದೆಯೋ ಇಲ್ಲವೋ ನೋಡಬೇಕಲ್ಲ. ಮಹಾಸಂಸ್ಥೆಯಿಂದ ಮೊದಲ ದಿನ ಒಬ್ಬ ಪರಿಶೀಲಕ ಬಂದ. ಚಂಪಾಬಾಯಿ ಕಾಲಿಗೆ ನೀರು ಕೊಟ್ಟು, ಕುಂದ್ರಿ ಅಂದು, ಒಲೆಯ ಮೇಲೆ ಹಂಚು ಇಟ್ಟಳು. ಮನೆಗೆ ಬಂದವನು ಉಣ್ಣದೆ ಹೋದ ಉದಾಹರಣೆ ಆ ಮನೆತನದಲ್ಲಿ ಇಲ್ಲ. ಪರಿಶೀಲಕ ನಾಲ್ಕು ರೊಟ್ಟಿ ಉಂಡು ವರದಿ ಬರೆದ: 'ಅಡುಗೆಮನೆಯಲ್ಲಿ ಹೊಗೆ ಕಂಡುಬಂದಿದೆ. ಕೆಲಸ ಗುಟ್ಟಾಗಿ ನಡೆದಿರುವ ಶಂಕೆ ಇದೆ. ಖಚಿತಪಡಿಸಿಕೊಳ್ಳಲು ನಾಳೆ ಇಬ್ಬರು ಹೋಗುವುದು ಸೂಕ್ತ.' ಮರುದಿನ ಇಬ್ಬರು ಬಂದರು. ಅವರಿಗೂ ಶಂಕೆ ಬಂತು, ಬದನೆಕಾಯಿಯ ಪಲ್ಯದ ಬಗ್ಗೆ ವಿಶೇಷವಾಗಿ. ನಾಲ್ಕನೇ ದಿನದಿಂದ ಐವರು ಪರಿಶೀಲಕರು ಡಬ್ಬಿ ಸಮೇತ ಬರತೊಡಗಿದರು. ಡಬ್ಬಿಯನ್ನು ಸಾಕ್ಷ್ಯ ಸಂಗ್ರಹ ಎಂದು ನಮೂದಿಸಲಾಯಿತು. ಕಡೆಗೆ ಚಂಪಾಬಾಯಿಗೆ ಕಾರಣ ಕೇಳುವ ನೋಟೀಸು ಬಂತು. ವಿಳಂಬದ ಅವಧಿಯಲ್ಲಿ ಅಡುಗೆ ಏಕೆ ಮಾಡುತ್ತಿದ್ದೀರಿ?

ಯೋಗಿತಾ ಓದಿ ಹೇಳಿದಳು. ಚಂಪಾಬಾಯಿ ಉತ್ತರ ಹೇಳಿ ಬರೆಸಿದಳು: "ನಿಮ್ಮ ಮಂದಿ ಬರೂದು ಬಿಟ್ರ ನಾ ಮಾಡೂದು ಬಿಡ್ತೀನಿ." ಮಹಾಸಂಸ್ಥೆಯ ತುರ್ತುಸಭೆಯಲ್ಲಿ ಈ ಉತ್ತರವನ್ನು ಓದಲಾಯಿತು. ತಪಾಸಣೆ ನಿಲ್ಲಿಸುವುದು ಸರ್ವಥಾ ಅಸಾಧ್ಯವೆಂದು ತೀರ್ಮಾನಿಸಿ, ನೋಟೀಸನ್ನು ಹಿಂದಕ್ಕೆ ಪಡೆಯಲಾಯಿತು.

ಹಾಗೂ ಹೀಗೂ ಬನದ ಹುಣ್ಣಿಮೆ ಬಂತು. ಆ ಮುಂಜಾನೆ ಸಡಗರ ಹೇಳತೀರದು. ಒಂದು ಅಮಾವಾಸ್ಯೆ ಉಂಡು ಹದಿನೈದು ದಿನಕ್ಕೆ ಇನ್ನೊಂದು ಸಿಕ್ಕರೆ ಯಾರು ಬಿಡುತ್ತಾರೆ? ಮಹಾಸಂಸ್ಥೆಯ ವಿದ್ಯಾರ್ಥಿಗಳು ಟ್ರ್ಯಾಕ್ಟರಿನಲ್ಲಿ ಬಂದರು. ಅಂದು ನಿಲಂಗಾದ ಮಂಗಲ ಕಾರ್ಯಾಲಯದಲ್ಲಿ ಮದುವೆ ಇದ್ದದ್ದರಿಂದ, ಬೀಗರಲ್ಲೇ ಒಂದಿಷ್ಟು ಜನ ಅಭ್ಯಾಸಬಲದಿಂದ ವಿದ್ಯಾರ್ಥಿಗಳ ಹಿಂದೆ ಬಂದುಬಿಟ್ಟರು. ಹೊಲದ ಬದುವಿಗೆ 'ಎಳ್ಳ ಅಮಾವಾಸ್ಯೆ, ಪರಿಷ್ಕೃತ' ಎಂದು ಬ್ಯಾನರು ಕಟ್ಟಲಾಗಿತ್ತು. ಹತ್ತು ಹದಿನೈದಕ್ಕೆ ಕಾಶಿನಾಥಯ್ಯನವರು ಹೊಲದ ನಡುವೆ ನಿಂತು, ಅಂಗೈಯನ್ನು ಹಣೆಗೆ ಅಡ್ಡ ಹಿಡಿದು, ನಾಲ್ಕೂ ದಿಕ್ಕು ಶಾಂತವಾಗಿ ನೋಡಿ, "ಚಂದ್ರಾಮ ಇಲ್ಲ" ಎಂದು ಸಾರಿದರು. ಮುನ್ನೂರು ಜನ ಚಪ್ಪಾಳೆ ತಟ್ಟಿದರು. ಮಾಣಿಕಪ್ಪ ಹುಲ್ಲುಲ್ಲಿಗೋ ಎಂದು ಕೂಗಿದಾಗ ಐವರೂ ಪರಿಶೀಲಕರು ತಿರುಗಿ ಕೂಗಿದರು.

ಉಂಡಾದ ಮೇಲೆ ಸೂರ್ಯಕಾಂತ ಸರ್ ಕೈ ತೊಳೆದುಕೊಂಡು, ಕೊನೆಯ ಕಾಗದವನ್ನು ಹೊರಗೆ ತೆಗೆದರು. ಕಾರ್ಯ ಸಮಾಪ್ತಿ ವರದಿ. ಅದರಲ್ಲಿ ಒಂದೇ ಸಾಲು: 'ಮೇಲ್ಕಂಡ ವಿಳಂಬವು ನನ್ನಿಂದ ಆಗಿರುತ್ತದೆ.' ಕೆಳಗೆ ಕಾರ್ಯನಿರ್ವಾಹಕಿಯ ಸಹಿ.

ಯೋಗಿತಾ ಅದನ್ನು ಅವ್ವನಿಗೆ ಓದಿ ಹೇಳಿದಳು. ಚಂಪಾಬಾಯಿ ಕೈಯಲ್ಲಿದ್ದ ಸೌಟನ್ನು ಗಡಿಗೆಯ ಮೇಲೆ ಅಡ್ಡ ಇಟ್ಟಳು.

"ನಾ ತಡಾ ಮಾಡೀನಿ ಅಂತ ಬರದದೇನು?"

"ಹೂಂ ಅವ್ವಾ."

"ನೀ ಹುಟ್ಟಿದ ವರ್ಷ ಹೆರಿಗಿ ಆಗಿ ಹನ್ನೆರಡ ದಿನಾ ಆಗಿತ್ತು. ನಿನಗ ಬುಟ್ಟ್ಯಾಗ ಹಾಕಿ, ನಿಮ್ಮಪ್ಪನ ತಲಿ ಮ್ಯಾಲ ಹೊರಸೀನಿ. ಗಂಟ ನಾ ಹೊತ್ತೀನಿ. ಒಂಬತ್ತಕ್ಕ ಮನಿ ಬಿಟ್ಟೀನಿ. ಈಗ ಇಷ್ಟ ಮಂದಿ ಎದುರಿಗಿ, ತಡಾ ಮಾಡೀನಿ ಅನ್ನಲೇನು?"

ಎರಡು ವರ್ಷ ಓದಿದ್ದು, ನಲವತ್ತೊಂದು ಮದುವೆ ಉಂಡದ್ದು, ಉದಗೀರದ ಹುದ್ದೆ, ಎಲ್ಲವೂ ಆ ಒಂದು ಸಾಲಿನ ಕೆಳಗಿನ ಖಾಲಿ ಜಾಗಕ್ಕೆ ಬಂದು ನಿಂತಿದ್ದವು. ಆದರೂ ಅವ್ವನ ಮುಖ ನೋಡಿದ ಮೇಲೆ ಯೋಗಿತಾಳಿಗೆ ಪದವಿ ಬೇಡವೆನ್ನಿಸಿತು. ನಿಜವಾಗಿಯೇ ಬೇಡವೆನ್ನಿಸಿತು.

"ಬ್ಯಾಡ ಬಿಡವ್ವಾ," ಅಂದಳು. "ಪೆನ್ಸಿಲ್ ಆದ್ರ ಏನಾಯ್ತು. ಹೆಸರು ಅದೇ ಅಲ್ಲೇನು."

ಚಂಪಾಬಾಯಿ ಮಗಳನ್ನು ನೋಡಿದಳು. "ಇದಕ್ಕ ಸೈ ಮಾಡಿದ್ರ ನಿನ್ನ ಹೆಸರ ಪೆನ್ನಿಲೆ ಬರೀತಾರೇನು?"

"ಬರೀತಾರ."

ಚಂಪಾಬಾಯಿ ಸೆರಗಿಗೆ ಕೈ ಒರೆಸಿಕೊಂಡಳು. ಮೂರನೇ ಇಯತ್ತೆಯವರೆಗೆ ಮರಾಠಿ ಶಾಲೆಗೆ ಹೋದವಳು. ಪೆನ್ನು ಹಿಡಿದು ವರ್ಷಗಳಾಗಿದ್ದವು. ಒಂದೊಂದೇ ಅಕ್ಷರ ಬರೆದು, ಮೇಲೆ ಗೆರೆ ಎಳೆದು, ಕಾಗದವನ್ನು ತಿರುಗಿಸಿ ಕೊಟ್ಟಳು. ಆಮೇಲೆ ಯಾರ ಮುಖವನ್ನೂ ನೋಡದೆ ಪಾತ್ರೆ ಹೊಂದಿಸತೊಡಗಿದಳು. ಅವ್ವನ ಮೂವತ್ತನಾಲ್ಕು ವರ್ಷ ಮಾರಿ ತಾನು ಒಂದು ಪದವಿ ಕೊಂಡೆ ಎಂದು ಯೋಗಿತಾಳಿಗೆ ಅನ್ನಿಸಿತು. ಸಹಿ ಮಾಡಲು ಎಂಟು ನಿಮಿಷ ಹಿಡಿದದ್ದನ್ನು ಶೈಲೇಶ ವಿಳಂಬಕ್ಕೆ ಸೇರಿಸಿಕೊಂಡ.

ಮೌಖಿಕ ಪರೀಕ್ಷೆಯಲ್ಲಿ ಯೋಗಿತಾಳಿಗೆ ವಿಳಂಬ ನಿರ್ವಹಣೆಗೆ ಅರವತ್ತಕ್ಕೆ ನಲವತ್ತೆಂಟು ಬಂದವು. ತಂದೆ ತನ್ನ ಮೇಲೆ ತಾನೇ ದಾವೆ ಹೂಡಿದ ಅಧ್ಯಾಯವನ್ನು ಪರೀಕ್ಷಕರು ಎರಡು ಸಲ ಓದಿಸಿಕೊಂಡರು. ಪದವಿ ಮಾತ್ರ ಮಾರ್ಚ್ ಮೂವತ್ತೊಂದಕ್ಕೆ ಬರಲಿಲ್ಲ. ವೇಳೆಗೆ ಸರಿಯಾಗಿ ಕೊಟ್ಟ ಪದವಿಯನ್ನು ಆ ಮಹಾಸಂಸ್ಥೆಯ ಪದವಿ ಎಂದು ಯಾರೂ ನಂಬುವುದಿಲ್ಲವೆಂದು ಶೈಲೇಶ ವಿವರಿಸಿದ. ಯೋಗಿತಾ ಉದಗೀರಕ್ಕೆ ಫೋನ್ ಮಾಡಿದಳು. ಅಲ್ಲಿಯೂ ಚಿಂತೆಯಿರಲಿಲ್ಲ, ಸಂದರ್ಶಕರು ಕೂರುವ ಕುರ್ಚಿಗಳು ಬಾರದೆ ಸಂದರ್ಶನವನ್ನೇ ಮುಂದಕ್ಕೆ ಹಾಕಿದ್ದರು. ಮೇ ತಿಂಗಳಲ್ಲಿ ಕುರ್ಚಿಯೂ ಪದವಿಯೂ ಒಂದೇ ವಾರ ಬಂದವು.

ಸಂದರ್ಶನದಲ್ಲಿ ಮೂವರು ಕೂತಿದ್ದರು. ನಡುವಿನವರು ಅವಳ ವರದಿಯನ್ನು ತಿರುವಿದರು.

"ಹದಿನೈದೇ ದಿನಾ ತಡಾನಾ?"

"ಹೌದ್ರಿ ಸರ್. ಮತ್ತ ಎಂಟ ಮಿನಿಟ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಕಮಿ ಆಯ್ತು," ಅಂದರು ನಡುವಿನವರು. "ಇರಲಿ, ಹುಡುಗಿ ಸಣ್ಣಾಕಿ. ಕಲೀತಾಳ."

ಯೋಗಿತಾ ಕೆಲಸಕ್ಕೆ ಸೇರಿದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ನೀಲಿ ಪೆನ್ನಿನಲ್ಲಿ ಬರೆದರು. ಯಾರೂ ನೋಡದಾಗ ಅವಳು ಬೆರಳಿಗೆ ಉಗುಳು ಹಚ್ಚಿ ಅದನ್ನು ತಿಕ್ಕಿ ನೋಡಿದಳು. ಹೋಗಲಿಲ್ಲ. ಕುಣಿದಾಡುವಷ್ಟು ಖುಷಿಯಾಯಿತು, ಕುಣಿಯಲಿಲ್ಲ. ಆ ವಾರವೇ ಪೇಢೆ ಕಟ್ಟಿಸಿಕೊಂಡು, ಅವ್ವನ ಕಾಲು ಹಿಡಿದು ತಪ್ಪಾಯಿತು ಅನ್ನಬೇಕೆಂದು ಬಸ್ಸು ಹತ್ತಿ ದಾಳಿಂಬಕ್ಕೆ ಬಂದಳು.

ಪಡಸಾಲೆಯಲ್ಲಿ, ಬಸವಣ್ಣನ ಫೋಟೋದ ಪಕ್ಕ, ಒಂದು ಹೊಸ ಚೌಕಟ್ಟು ತೂಗುತ್ತಿತ್ತು. ಗಾಜು, ಬಂಗಾರದ ಬಣ್ಣದ ಅಂಚು, ಮೇಲೆ ಮಹಾಸಂಸ್ಥೆಯ ಮುದ್ರೆ. ಪೂರ್ಣಗೊಂಡ ಪ್ರತಿ ಪ್ರಾಜೆಕ್ಟಿನ ಕಾರ್ಯನಿರ್ವಾಹಕರಿಗೆ ಅಂಚೆಯಲ್ಲಿ ಕಳಿಸುವ ವಿಳಂಬ ಪ್ರಮಾಣಪತ್ರ ಅದು. 'ಶ್ರೀಮತಿ ಚಂಪಾಬಾಯಿ ಮಾಣಿಕಪ್ಪ, ದಾಳಿಂಬ, ಇವರು ಎಳ್ಳ ಅಮಾವಾಸ್ಯೆಯನ್ನು ಹದಿನೈದು ದಿನ ತಡವಾಗಿ ನೆರವೇರಿಸಿದ್ದಾರೆಂದು ಈ ಮೂಲಕ ಪ್ರಮಾಣೀಕರಿಸಲಾಗಿದೆ.' ಹೊರಸಿನ ಮೇಲೆ ಕೂತು ಕಾಶಿನಾಥಯ್ಯನವರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಆ ದಿನದ ಐದನೇ ಓದು ಅದೆಂದು ಮಾಣಿಕಪ್ಪ ಹೇಳಿದ.

"ಅವ್ವಾ, ಸಿಟ್ಟಿಲ್ಲೇನು?" ಯೋಗಿತಾ ಮೆಲ್ಲಗೆ ಕೇಳಿದಳು.

"ಯಾಕ ಸಿಟ್ಟು?" ಚಂಪಾಬಾಯಿ ಸೆರಗಿನಿಂದ ಗಾಜು ಒರೆಸಿದಳು. "ಮೂವತ್ನಾಕು ವರ್ಷ ವ್ಯಾಳ್ಯಾಕ್ಕ ಮಾಡ್ದೆ. ಊರ ಮಂದಿ ಎಲ್ಲಾ ಉಂಡ ಹೋದ್ರು. ಚಂಪಾಬಾಯಿ ಮಾಡ್ಯಾಳ ಅಂತ ಒಬ್ಬಾಂವ ಒಂದ ಚೀಟಿ ಬರದ ಕೊಡಲಿಲ್ಲ. ಒಮ್ಮಿ ತಡಾ ಮಾಡ್ದೆ, ನೋಡು, ಹೆಸರ ಅಚ್ಚ ಹಾಕಿ ಕಳಿಸ್ಯಾರ."

ಯೋಗಿತಾ ಪೇಢೆಯ ಡಬ್ಬಿಯನ್ನು ಚೌಕಟ್ಟಿನ ಕೆಳಗೆ ಇಟ್ಟಳು.

"ಬರೂ ವರ್ಷ ಒಂದ ತಿಂಗಳಾ ತಡಾ ಮಾಡಬೇಕಂತ ಮಾಡೀನಿ," ಅಂದಳು ಚಂಪಾಬಾಯಿ. "ಅಜ್ಜಾರಿಗೂ ಕೇಳೀನಿ."

"ಬರೂ ವರ್ಷ ಅಧಿಕ ಮಾಸ ಅದ," ಅಂದರು ಕಾಶಿನಾಥಯ್ಯನವರು. "ತೊಂದ್ರಿ ಇಲ್ಲ. ಜಾಗಾ ಆಗ್ತದ."

ಇದಾದ ಬಳಿಕ ದಾಳಿಂಬದ ಇಪ್ಪತ್ತಮೂರು ಮನೆಗಳು ಮುಂದಿನ ಅಮಾವಾಸ್ಯೆಗೆ ಮುದತವಾಢ ಕೋರಿ ಅರ್ಜಿ ಕೊಟ್ಟಿವೆ. ಒಂದನ್ನು ಬಿಟ್ಟು ಎಲ್ಲರ ಅರ್ಜಿಯೂ ಮಂಜೂರಾಗಿದೆ. ನಿಜವಾದ ಅಮಾವಾಸ್ಯೆಯ ದಿನ ತಾಲೀಮು ಇರುವುದರಿಂದ ಆ ದಿನವೂ ಎಲ್ಲರೂ ಉಣ್ಣಲು ಬರಬೇಕೆಂದು ಪಂಚಾಯಿತಿ ಪ್ರಕಟಣೆ ಹೊರಡಿಸಿದೆ. ಮರಳಿ ಬಂದದ್ದು ಚಂಪಾಬಾಯಿಯ ಅರ್ಜಿ ಒಂದೇ. ಕೊನೆಯ ದಿನ ಬಾಗಿಲು ಮುಚ್ಚಲು ಹನ್ನೊಂದು ನಿಮಿಷ ಇರುವಾಗಲೇ ಅದು ಮಹಾಸಂಸ್ಥೆಯನ್ನು ತಲುಪಿದ್ದರಿಂದ, ವೇಳೆಗೆ ಸರಿಯಾಗಿ ಬಂದ ಅರ್ಜಿಯನ್ನು ಪರಿಗಣಿಸಲು ಬರುವುದಿಲ್ಲ, ತಡವಾಗಿ ಮತ್ತೊಮ್ಮೆ ಸಲ್ಲಿಸತಕ್ಕದ್ದು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಚಂಪಾಬಾಯಿ ಅದನ್ನು ಓದಿಸಿ ಕೇಳಿದಳು. "ಮೂವತ್ನಾಕು ವರ್ಷದ ಚಟಾ," ಅಂದಳು. "ಕಲೀಬೇಕಾಗ್ತದ."